ಕಾತ್ರಿನ್ ಅಜ್ಜಿ ಕುಂತದ್ದು

ಹಳಿಯಾಳ ಸೀಮೆ,
ಫೆಬ್ರವರಿ ಮೂವತ್ತು, 2168

ಪ್ರೀತಿಯ ಕಾತ್ರಿನ್ ಅಜ್ಜಿಗೆ,

ತಾರೀಕು ನೋಡಿ ಇವಳಿಗೆ ಅರಳುಮರಳು ಎನ್ನಬೇಡ. ಜನವರಿಯಿಂದೊಂದು, ಮಾರ್ಚಿನಿಂದೊಂದು ದಿನ ಕಿತ್ತು ಬಡಪಾಯಿ ಫೆಬ್ರವರಿಗೆ ಕೊಟ್ಟು ನಮ್ಮ ಕಾಲದವರು ನ್ಯಾಯ ಮಾಡಿದ್ದಾರೆ. ನನ್ನ ಇನ್ನೂ ಕೆಲವು ಮಾತು ನಿನಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೋ. ನನಗೆ ಎಪ್ಪತ್ತೊಂದು ವರ್ಷ, ನಿನಗಿನ್ನೂ ಮೂವತ್ತೆರಡು. ಆದರೂ ಅಜ್ಜಿ ನೀನೇ. ಈಗ ನಿನ್ನ ಅಂಗಳದಲ್ಲಿ ಮೂಗು ಸೋರಿಸಿಕೊಂಡು ಆಡುತ್ತಿರುವ ನಿನ್ನ ಮಗಳು ಸೆವ್ರಿನ್ ನನ್ನ ಮುತ್ತಜ್ಜಿ. ಅವಳ ಮಡಿಲಲ್ಲಿ ಕೂತು ನಿನ್ನ ಕಥೆ ಕೇಳಿದವಳು ನಾನು, ಇನಾಸಿನ್ ಸಿದ್ದಿ.

ನಮ್ಮಲ್ಲೊಂದು ಪದ್ಧತಿಯಿದೆ. ಮನೆಯ ಹುಡುಗಿ ಮೊದಲ ಸಲ ಡಮಾಮು ಡೋಲಿನ ಕುಣಿತಕ್ಕೆ ಮುಂದಾಳಾಗುವ ದಿನ ಮನೆಯ ಹಿರಿಯಳು ನಿನಗೊಂದು ಕಾಗದ ಬರೆಯಬೇಕು. ಅದನ್ನು ಮಡಿಚಿ ಡಮಾಮಿನ ಹೊಟ್ಟೆಯೊಳಗಿಟ್ಟು ಮೇಲೆ ಹೊಸ ಬೆಳೆತೊಗಲು ಬಿಗಿಯುತ್ತೇವೆ. ಬೆಳೆತೊಗಲೆಂದರೆ ಯಾವ ಪ್ರಾಣಿಯನ್ನೂ ಕೊಲ್ಲದೆ ತೊಟ್ಟಿಯಲ್ಲಿ ಬೆಳೆಸಿದ ಚರ್ಮ. “ಇದೆಂಥಾ ದನಿ ಹೊಂಡತೈತಿ, ನೆಗಡಿ ಆದವರಂಗ!” ಎಂದು ಸೆವ್ರಿನ್ ಕಡೆತನಕ ಗೊಣಗುತ್ತಿದ್ದಳು. ಡಮಾಮು ಬಾರಿಸಿದಾಗ ಕಾಗದ ನಿನಗೆ ಮುಟ್ಟುತ್ತದೆ ಎಂದು ನಮ್ಮ ನಂಬಿಕೆ. ಇವತ್ತು ನನ್ನ ಮೊಮ್ಮಗಳು ಫೆಲ್ಸಿಯ ಸರದಿ.

ಕುಣಿತ ಸಂಜೆ ಕೂಡಂಗಳದಲ್ಲಿ. ಕೂಡಂಗಳದ ಅರ್ಧ ನಮ್ಮೂರಲ್ಲಿದೆ, ಇನ್ನರ್ಧ ಕಡಲಾಚೆ ಮೊಜಾಂಬಿಕ್‌ನಲ್ಲಿ. ಅಲ್ಲಿ ಕಾಲು ಬಡಿದರೆ ಇಲ್ಲಿ ನೆಲ ಅದುರುತ್ತದೆ; ನಡುವೆ ನೀರೇ ಇಲ್ಲವೆಂಬಂತೆ ಎದುರುಬದುರು ನಿಂತು ಕುಣಿಯುತ್ತೇವೆ. ನಮ್ಮ ಹಿರಿಯರನ್ನು ಹಡಗಿಗೆ ತುಂಬಿ ಮಾರಲು ತಂದದ್ದು ಆ ದಂಡೆಯಿಂದಲೇ ಅಂತೆ. ಅವರು ತಲೆಗೆ ಬಣ್ಣದ ಬಟ್ಟೆ ಸುತ್ತಿಕೊಂಡು ಬರುತ್ತಾರೆ, ನಾವು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವೆ. ಕುಣಿತದಲ್ಲಿ ಆ ಹಳೆಯ ಹಡಗೂ ಬರುತ್ತದೆ, ಕಾಡಿನ ಹಕ್ಕುಗಳಿಗಾಗಿ ಹೋದ ವರ್ಷ ಆಡಿದ ಜಗಳವೂ ಬರುತ್ತದೆ. ನಡುವೆ ಚಹಾಕ್ಕೆ ನಿಂತಾಗ ಅವರು ಹುರಿದ ಗೋಡಂಬಿ ತಿನ್ನುವುದನ್ನು ನಾವು ಬಾಯಲ್ಲಿ ನೀರೂರಿಸಿಕೊಂಡು ನೋಡಬೇಕು, ಯಾಕೆಂದರೆ ದನಿ ದಾಟಿದಂತೆ ತಿಂಡಿ ಇನ್ನೂ ದಾಟುವುದಿಲ್ಲ. ಅಲ್ಲಿಯ ಕುಣಿತದ ಗುರು ಒಮ್ಮೆ ಅಕ್ಕರೆಯಿಂದ, ನಮ್ಮ ಮಕ್ಕಳೇ, ಮನೆಗೆ ಯಾವಾಗ ವಾಪಸು ಬರುತ್ತೀರಿ ಎಂದು ಕೇಳಿದರು. ಫೆಲ್ಸಿ ಥಟ್ಟನೆ, “ನಾ ಮನಿಯಾಗ ಅದೀನಲ್ರೀ! ನೀವ ಬರ್ರಿ, ರೊಟ್ಟಿ ಬಡೀತೇನಿ” ಎಂದಳು. ಎರಡೂ ದಂಡೆಯವರು ಬಿದ್ದುಬಿದ್ದು ನಕ್ಕರು.

ಅಂಥ ಗಟ್ಟಿ ಬಾಯಿಯ ಹುಡುಗಿ ಇವತ್ತು ಬೆಳಿಗ್ಗೆ ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಕುಣಿತದ ನಟ್ಟನಡುವೆ, ಡಮಾಮು ಜೋರಾಗಿ ಏರಿದಾಗ, ಮುಂದಾಳು ಸುಮ್ಮನೆ ನೆಲದ ಮೇಲೆ ಕೂತುಬಿಡುತ್ತಾಳೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂರುತ್ತೇವೆ. ಅದಕ್ಕೆ ‘ಅಜ್ಜಿ ಕುಂತದ್ದು’ ಎಂದೇ ಹೆಸರು. ಕಾಡಿನ ಹಕ್ಕಿನ ಪಂಚಾಯ್ತಿಯಲ್ಲೂ ಡಮಾಮು ಬಾರಿಸಿ, ಎಂಥ ದೊಡ್ಡ ಅಧಿಕಾರಿಯಾದರೂ ನೆಲಕ್ಕೆ ಕೂತ ಮೇಲೆಯೇ ಮಾತು ಶುರು. ಆದರೆ ಹೊಸದಾಗಿ ನೋಡುವವರು ನಮಗೆ ಸುಸ್ತಾಯಿತೆಂದು ತಿಳಿದು ನೀರಿನ ತಂಬಿಗೆ ಹಿಡಿದು ಓಡಿಬರುತ್ತಾರೆ. “ಅಜ್ಜಿ, ಈ ಸಲ ಕುಂದ್ರೂದ್ ಬಿಟ್ ಬಿಡ್ಲೇನ? ಆ ಕಡಿಯವ್ರು ನಮ್ಮ ಕಾಲಾಗ ಕಸುವಿಲ್ಲ ಅಂದ್ಕೋತಾರ” ಎಂದಳು ಫೆಲ್ಸಿ. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಕಥೆ ಹೇಳಿದೆ.

ನಿನ್ನ ಲೆಕ್ಕಕ್ಕೆ ಅದು ನಿನ್ನೆ ನಡೆದದ್ದು. ಹೊಳೆದಂಡೆಯ ರೆಸಾರ್ಟಿನಲ್ಲಿ ‘ಆಫ್ರಿಕಾ ಸಂಜೆ’ ಇತ್ತು. ಮ್ಯಾನೇಜರ್ ನಿಮ್ಮೆಲ್ಲರ ಮುಂದೆ ಸೊಪ್ಪಿನ ಲಂಗ ಸುರಿದು, ಸೀರೆ ಬಿಚ್ಚಿಟ್ಟು ಇದನ್ನು ಉಟ್ಟುಕೊಳ್ಳಿ, ಆಗ ಪಕ್ಕಾ ಕಾಡುಜನರ ಹಾಗೆ ಕಾಣುತ್ತೀರಿ ಎಂದ. “ನಮ್ಮವ್ವ ಸೀರಿ ಉಟ್ಟಾಕಿ, ನಮ್ಮಜ್ಜಿ ಸೀರಿ ಉಟ್ಟಾಕಿ. ಹಳಿಯಾಳ ಸಂತಿಗೆ ಸೊಪ್ಪು ಸುತಗೊಂಡ್ ಹೋಗೇವೇನ್ರೀ ನಾವು?” ಎಂದೆ ನೀನು. ಉಳಿದವರು ತಲೆ ತಗ್ಗಿಸಿ ಸೊಪ್ಪು ಕಟ್ಟಿಕೊಂಡರು. ನೀನು ಸೀರೆಯಲ್ಲೇ ಇಳಿದೆ. ಕುರ್ಚಿಯಲ್ಲಿದ್ದವನೊಬ್ಬ ಸಿಳ್ಳೆ ಹೊಡೆದು “ಜಿಗಿ, ಜಿಗಿ!” ಎಂದು ಕಿರುಚಿದಾಗ ನಡುಅಂಗಳದಲ್ಲಿ ಕೂತುಬಿಟ್ಟೆ. ನಿನ್ನ ಜೊತೆ ಯಾರೂ ಕೂರಲಿಲ್ಲ. ನಿನ್ನ ಸುತ್ತಲೇ ಕುಣಿದರು, ನಿನ್ನ ಮುಖ ಮಾತ್ರ ನೋಡಲಿಲ್ಲ.

ಬರುವ ದಾರಿಯಲ್ಲಿ ನಿನ್ನ ನಾದಿನಿ, “ನಿನ್ ಸೊಕ್ಕಿಗೆ ಇನ್ನ ಯಾರೂ ನಮ್ಮನ್ನ ಕರಿಯಂಗಿಲ್ಲ ನೋಡ” ಎಂದಳು. ನೀನು ಮನೆಗೆ ಬಂದವಳೇ ಡಮಾಮನ್ನು ಅಟ್ಟಕ್ಕೆ ತಳ್ಳಿ, ನನ್ನ ಮಗಳಿಗೆ ಈ ಕುಣಿತದ ಗಾಳಿಯೂ ಬೇಡ ಎಂದು ಆಣೆ ಹಾಕಿದೆ. ಈಗ ಒಲೆಯ ಮುಂದೆ ಕೂತು, ಹೊಗೆ ಹೊಗೆ ಎಂದು ಸುಳ್ಳು ಹೇಳುತ್ತ ಕಣ್ಣೊರೆಸಿಕೊಳ್ಳುತ್ತಿದ್ದೀಯ. ನನ್ನವ್ವಾ, ನಾಚಿಕೆ ಪಡಬೇಕಾದವಳು ನೀನಲ್ಲ. ಅಲ್ಲಿ ಇದ್ದಿದ್ದರೆ ನಿನ್ನನ್ನು ಅಪ್ಪಿಕೊಳ್ಳುತ್ತಿದ್ದೆ.

ಕಥೆ ಕೇಳಿ ಫೆಲ್ಸಿ ಇನ್ನೂ ಹತ್ತಿರ ಸರಿದು ಕೂತಳು. ಆಮೇಲೆ ಒಂದೇ ಪ್ರಶ್ನೆ: “ಆಕಿ ಮಗ್ಗಲದಾಗ ಯಾರೂ ಕುಂದ್ರಲೇ ಇಲ್ಲೇನ ಅಜ್ಜಿ?”

ಅದಕ್ಕೇ ಈ ಕಾಗದ. ಕಣ್ಣೊರೆಸಿಕೊಂಡು ಬಾಗಿಲಿಗೆ ಬಾ. ಸೆವ್ರಿನ್ ಅಂಗಳದಲ್ಲಿ ಬಕೆಟ್ಟು ಬೋರಲು ಹಾಕಿ ಬಾರಿಸುತ್ತಿದ್ದಾಳೆ. ಎದ್ದು ಒಂದು ಸುತ್ತು ಕುಣಿಯುತ್ತಾಳೆ, ಮತ್ತೆ ನಿನ್ನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ಕೂರುತ್ತಾಳೆ. ನಿನ್ನೆ ಕುರ್ಚಿಗಳ ಹಿಂದೆ ನಿಂತು ಎಲ್ಲ ನೋಡಿದ್ದಾಳೆ. ಕುಣಿತವೆಂದರೆ ಹೀಗೇ ಎಂದುಕೊಂಡುಬಿಟ್ಟಿದೆ ಕೂಸು. ಪಕ್ಕದಲ್ಲಿ ಜಾಗ ಬಿಟ್ಟುಕೊಂಡು ಕೂತಿದ್ದಾಳೆ, ನೋಡು.

ಅಟ್ಟ ಹತ್ತಿ ಡಮಾಮು ಇಳಿಸು. ನೀನು ಇಳಿಸಿದ್ದು ನಮಗೆ ಗೊತ್ತು. “ಅವ್ವ ಬಂದು ನನ್ನ ಮಗ್ಗಲದಾಗ ಕುಂತ್ಲು” ಎಂದು ಹೇಳುವಾಗಲೆಲ್ಲ ಸೆವ್ರಿನ್ ತೊಂಬತ್ತರ ವಯಸ್ಸಿನಲ್ಲೂ ಅಳುತ್ತಿದ್ದಳು. ಆದರೂ ‘ಇಳಿಸು’ ಎಂಬ ಮಾತನ್ನು ಒತ್ತಿ ಬರೆದಿದ್ದೇನೆ. ನನ್ನ ಅಮ್ಮನೂ ಹೀಗೇ ಒತ್ತಿ ಬರೆದಿದ್ದಳು. ಇವತ್ತೊಂದು ದಿನ ನೀನು ಒಲೆ ಬಿಟ್ಟು ಏಳದಿದ್ದರೆ ಎಂದು ಭಯ.

ಹೊರಗೆ ಫೆಲ್ಸಿ ತೊಗಲು ನೆನೆಸಿಟ್ಟು ಕೂಗುತ್ತಿದ್ದಾಳೆ. “ಕುಂದ್ರತೇನಿ ಅಂತ ಬರಿ, ಅಜ್ಜಿ” ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಇನ್ನು ನೀನು ಏಳು ತಾಯಿ, ಮಗಳು ಕಾಯುತ್ತಿದ್ದಾಳೆ.

ನಿನ್ನ ಮಗಳ ಮಡಿಲಲ್ಲಿ ಬೆಳೆದ
ಇನಾಸಿನ್