ಬೆನಿ ಊನಿಫ್‌ನಲ್ಲಿ ಇಳಿಯುವವರು

ತಂಗಿ ಯಾಮ್ನಾ,

ಗಡಿ ಮುಚ್ಚಿ ಇಷ್ಟು ವರ್ಷವಾದರೂ, ಬಸ್ಸು ನಮ್ಮೂರು ಫಿಗಿಗ್‌ನ ಕೊನೆಯ ಖರ್ಜೂರದ ತೋಟದ ಬಳಿ ನಿಂತಾಗಲೆಲ್ಲ ನಾನು ಕಂಡಕ್ಟರ್ ದನಿಯಲ್ಲಿ ಬೇಲಿಯಾಚೆಯ ನಿನ್ನೂರಿನ ಹೆಸರು ಕೂಗುತ್ತೇನೆ. ನೀನು ತೀರಿಹೋದೆಯೆಂದು ನಿನ್ನ ಮಗ ಫೋನ್ ಮಾಡಿದ ಮೇಲೂ ನಿಲ್ಲಿಸಿಲ್ಲ.

ಇವತ್ತು "ಬೆನಿ ಊನಿಫ್! ಇಳಿಯೋರು ಬನ್ನಿ!" ಎಂದೊಡನೆ ಗಡಿ ಕಾವಲಿನ ಹೊಸ ಪೇದೆ ಬಾಗಿಲು ಬಡಿದ.

"ಏ ಅಜ್ಜ, ತಲೆ ಕೆಟ್ಟಿದ್ಯಾ? ಅದು ಬೇರೆ ದೇಶ."

"ಅಲ್ಲಿಗೆ ಹೋಗ್ಬೇಡ ಅಂದ್ರಿ, ಹೋಗ್ತಿಲ್ಲ ಮಗಾ. ಹೆಸ್ರು ಹೇಳ್ಬೇಡ ಅಂತ ಯಾರೂ ಅಂದಿಲ್ಲ."

ಹಿಂದಿನ ಸೀಟಿನ ಮುದುಕಿ ಬಿಳಿ ಹೊದಿಕೆ ಸರಿಪಡಿಸಿಕೊಂಡು ಎದ್ದಳು. "ನಾನಿಳೀತೀನಪ್ಪ, ಅದು ನನ್ ತವರು."

ಇಳಿದು ಬೇಲಿಗೆ ಮುಖಮಾಡಿ ನಿಂತಳು. ಪೇದೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಅವಳು ಸಾಕೆನಿಸುವಷ್ಟು ನೋಡಿ ಮರಳಿ ಹತ್ತುವವರೆಗೆ ನಾನು ಹೊರಡುವ ಸೀಟಿ ಊದಲಿಲ್ಲ.

ನಾಳೆ ಇನ್ನೂ ಜೋರಾಗಿ ಕೂಗುತ್ತೇನೆ. ನಮ್ಮ ಕಡೆಯಿಂದ ಗಾಳಿ ಬೀಸಿದರೆ ನಿನ್ನ ಗೋರಿಯವರೆಗೂ ಕೇಳಿಸೀತು.

ನಿನ್ನಣ್ಣ ಹಮ್ಮು