ವೈರ್‌ಲೆಸ್ ಸರಿಮಾಡಿದ್ದು ನಾನೇ

ಪಪ್ಪಾ,

ಇದನ್ನು ನಿಮಗೆ ಕಳಿಸುವುದಿಲ್ಲ, ಆದರೂ ಹೇಳಲೇಬೇಕು. "ಫ್ಯೂಸ್ ಹಾಕಾಕ ಬರಂಗಿಲ್ಲ, ಮೆಲ್ಬರ್ನ್‌ನಾಗ ಸಂಸಾರ ಮಾಡ್ತಾಳಂತ ಇಕಿ" ಎಂದು ನಕ್ಕಿದ್ದಿರಲ್ಲ, ಇಂದು ನಮ್ಮ ಮನೆಯ ವೈರ್‌ಲೆಸ್ ಸರಿಮಾಡಿದ್ದು ನಾನು.

ಸಿಸ್ಟಮ್ ಅಪ್‌ಗ್ರೇಡ್ ಮಾಡಿದಾಗಿನಿಂದ ಲ್ಯಾಪ್‌ಟಾಪ್ ಪ್ರತಿ ಸಲವೂ ವೈರ್‌ಲೆಸ್‌ನ ಪಾಸ್‌ವರ್ಡ್ ಮರೆಯುತ್ತಿತ್ತು. ಆ ಮಾರುದ್ದದ ಪಾಸ್‌ವರ್ಡ್ ಅಮೃತ್‌ಗೆ ಮಾತ್ರ ಗೊತ್ತು. ಕಳೆದ ಭಾನುವಾರ ಅವನು ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಮಮ್ಮಿಯ ಜೊತೆ ವಿಡಿಯೊ ಕಾಲ್ ತಪ್ಪಿತು.

ಬಂದವನು, "ಬಿಡೇ, ಕೇಬಲ್ ಹಾಕ್ಕೊಂಡು ಮಾತಾಡು" ಅಂದ. ಎಂಥ ಮುದ್ದು ಗಂಡ, ಎಂಥ ಸೋಮಾರಿ! ನಾನು ಬಿಡಲಿಲ್ಲ. ಅಪ್‌ಗ್ರೇಡ್‌ಗೂ ಮುಂಚಿನ ಹಳೆಯ ಸೆಟ್ಟಿಂಗ್ ಹೊಸದನ್ನು ಉಳಿಯಗೊಡುತ್ತಿರಲಿಲ್ಲ. ಅದನ್ನು ಅಳಿಸಿ, ಅವನಿಂದ ಪಾಸ್‌ವರ್ಡ್ ಹೇಳಿಸಿಕೊಂಡು ಮತ್ತೆ ಹಾಕಿದೆ. ಆಫ್ ಮಾಡಿ ಆನ್ ಮಾಡಿದರೆ ತಾನಾಗಿಯೇ ಕನೆಕ್ಟ್ ಆಯಿತು. ಡಾಕ್‌ಲ್ಯಾಂಡ್ಸ್‌ನ ನಮ್ಮ ಪುಟ್ಟ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ.

ಬೇರೆ ಜಾತಿಯವನನ್ನು ಮದುವೆಯಾದೆನೆಂದು ನನ್ನ ಮುಖ ನೋಡುವುದಿಲ್ಲ ಎಂದಿರಿ. ಸರಿ, ನೋಡಬೇಡಿ. ಆದರೆ ಪ್ರತಿ ಭಾನುವಾರ ಕ್ಯಾಮೆರಾಕ್ಕೆ ಕಾಣದ ಹಾಗೆ ಮಮ್ಮಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿದು ಕೂರುತ್ತೀರಂತೆ. ಹೋದ ವಾರ, "ಯಾಕ, ಇವತ್ತ ನಿನ್ನ ಮಗಳ ಡಬ್ಬಿ ಒದರಲಿಲ್ಲ?" ಎಂದು ಕಂಪ್ಯೂಟರ್ ಕಡೆ ನೋಡಿ ನೀವೇ ಕೇಳಿದಿರಂತೆ. ಮಮ್ಮಿ ಫೋನಿನಲ್ಲಿ ಎಲ್ಲ ಹೇಳಿದಳು.

ಈ ಭಾನುವಾರ ಡಬ್ಬಿ ಒದರುತ್ತದೆ ಪಪ್ಪಾ. ಅಮೃತ್‌ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪೇಪರಿನ ಹಿಂದೆ ಇರುವವರಿಗೂ ಕೇಳುವಷ್ಟು ಗಟ್ಟಿಯಾಗಿ ಮಾತಾಡುತ್ತೇನೆ. ನೀವು ಎದ್ದು ಹೋಗುವುದಿಲ್ಲ, ನನಗೆ ಗೊತ್ತು.