ಹನ್ನೊಂದು ಪಂಪು ನಿಲ್ಲಿಸಿ ಓಡುವ ಕಾರು

ವಿದ್ಯುತ್ ವಾಹನ ನೀತಿಯ ಅನುಷ್ಠಾನದ ಹೊಣೆ ಹೊತ್ತ ಅಧಿಕಾರಿಯವರಿಗೆ, ಬೆಳುವಾಯಿಯಿಂದ.

ಮಾನ್ಯರೇ,

ನಿಮ್ಮ ಕೈಯಿಂದ ಕೀ ಪಡೆದ ವಿದ್ಯುತ್ ಕಾರು ನಮ್ಮ ಮನೆಯಿಂದ ಮಂಗಳೂರಿಗೆ ಹೋಗಬೇಕಾದರೆ, ಹಿಂದಿನ ದಿನ ಊರಿನ ಹನ್ನೊಂದು ಮನೆಯವರು ತಮ್ಮ ನೀರಿನ ಪಂಪು ನಿಲ್ಲಿಸಬೇಕು. ಇದು ವಾರಕ್ಕೆ ಎರಡು ಸಲ ನಡೆಯುತ್ತಿದೆ. ನಿಮ್ಮ ನೀತಿಯ ನಲವತ್ತು ಪುಟದ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಅದರಲ್ಲಿ ಈ ಹನ್ನೊಂದು ಮನೆಗಳ ಪ್ರಸ್ತಾಪ ಇಲ್ಲ. ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರಕ್ಕೂ ‘ತಮ್ಮ ಪತ್ರ ಸ್ವೀಕೃತವಾಗಿದೆ’ ಎಂಬ ಉತ್ತರ ಬಂತು. ಪತ್ರ ತಲುಪುವ ಬಗ್ಗೆ ನನಗೆ ಸಂಶಯ ಇರಲಿಲ್ಲ, ನಮ್ಮ ಅಂಚೆಯವರು ಚೆನ್ನಾಗಿ ಕೆಲಸ ಮಾಡುತ್ತಾರೆ. ಆದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಿಮಗೆ ನನ್ನ ನೆನಪು ಇರಬಹುದು. ಕಳೆದ ದೀಪಾವಳಿಗೆ ಮೂಡುಬಿದಿರೆಯಲ್ಲಿ ಕಂಪನಿಯ ವಿನಿಮಯ ಮೇಳ ನಡೆಯಿತು. ಹಳೆಯ ಡೀಸೆಲ್ ಗಾಡಿ ಕೊಡಿ, ಹೊಸ ವಿದ್ಯುತ್ ಗಾಡಿ ತೆಗೆದುಕೊಳ್ಳಿ ಎಂಬ ಮೇಳ. ನಾವು ಕೊಟ್ಟದ್ದು ಅದೇ ಕಂಪನಿಯ ಜೀಪನ್ನು. ಅಷ್ಟು ವರ್ಷ ಡೀಸೆಲಿನ ಮೇಲೆಯೇ ಬದುಕಿದ ಕಂಪನಿ ಆ ದಿನ ವೇದಿಕೆಯಲ್ಲಿ ಡೀಸೆಲನ್ನು ಬೈದ ರೀತಿ ಕೇಳಿ ನನಗೇ ಸ್ವಲ್ಪ ಮುಜುಗರವಾಯಿತು. ಅನಂತರ ನೀವು ಮಾತನಾಡಿದಿರಿ. ರಸ್ತೆ ತೆರಿಗೆ ಇಲ್ಲ, ಮನೆಯಲ್ಲಿಯೇ ಚಾರ್ಜು, ಸರ್ಕಾರ ಬೆನ್ನಿಗೆ ಉಂಟು ಎಂದಿರಿ. ತಾಲೂಕಿನ ಮೊದಲ ಮಹಿಳಾ ಫಲಾನುಭವಿ ಎಂದು ನನ್ನನ್ನು ಕರೆದು ನಾಲ್ಕು ಅಡಿ ಉದ್ದದ ರಟ್ಟಿನ ಕೀಯೊಂದನ್ನು ಕೊಟ್ಟಿರಿ. ಫೋಟೋದಲ್ಲಿ ನೀವು ನಗುತ್ತಿದ್ದೀರಿ. ನಾನು ಕೀ ಹಿಡಿದುಕೊಳ್ಳುವುದರಲ್ಲಿ ಇದ್ದೇನೆ.

ನಿಜವಾದ ಕೀ ಎಲ್ಲಿರುತ್ತದೆ ಎಂಬುದನ್ನು ನೀವು ಕೇಳಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಮನೆಯ ಚಾವಡಿಯ ಕಂಬದಲ್ಲಿ ಒಂದು ಮೊಳೆ ಉಂಟು. ಮನೆಗೆ ಮೊದಲ ಜೀಪು ಬಂದ ದಿನ ನನ್ನ ಮಾವ ಹೊಡೆದದ್ದು. ಗಾಡಿಯ ಕೀ ಅದರಲ್ಲಿಯೇ ನೇತಾಡಬೇಕು, ಒಳಗೆ ಕಪಾಟಿಗೆ ಹೋಗಬಾರದು. ಊರಿನಲ್ಲಿ ಯಾರಿಗೆ ಹಾವು ಕಚ್ಚಿದರೂ, ಯಾರಿಗೆ ಹೊಟ್ಟೆನೋವು ಬಂದರೂ, ಬಂದು ಕೀ ತೆಗೆದುಕೊಂಡು ಹೋಗಬಹುದು. ಕೇಳಬೇಕೆಂದಿಲ್ಲ, ಹೇಳಿ ಹೋದರೆ ಸಾಕು. ಓಡಿಸಲು ಬಾರದವರಿಗೆ ಮನೆಯವರು ಯಾರಾದರೂ ಓಡಿಸಬೇಕು. ಮೂರು ಜೀಪು ಬದಲಾದವು, ಮೊಳೆ ಬದಲಾಗಲಿಲ್ಲ. ನಾನು ಈ ಮನೆಗೆ ಬಂದು ಐವತ್ತೊಂದು ವರ್ಷ. ಅಷ್ಟರಲ್ಲಿ ‘ಇವತ್ತು ಗಾಡಿ ಇಲ್ಲ’ ಎಂದು ಒಬ್ಬರಿಗೂ ಹೇಳಿದ್ದಿಲ್ಲ. ಈ ಫೆಬ್ರವರಿಯ ಒಂದು ಮಂಗಳವಾರದವರೆಗೆ.

ಆ ಜೀಪುಗಳನ್ನು ಇಪ್ಪತ್ತಾರು ವರ್ಷ ಓಡಿಸಿದವನು ಶಾಫಿ. ಈಗ ಅವನ ಕಣ್ಣಿಗೆ ಪೊರೆ. ಅವನ ಹೆಂಡತಿ ಝೈನಬ್‌ಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಎರಡು ವರ್ಷವಾಯಿತು. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮಂಗಳೂರಿನ ಆಸ್ಪತ್ರೆಯಲ್ಲಿ ಅವಳ ರಕ್ತ ಶುದ್ಧಿ ಮಾಡುವ ಯಂತ್ರದ ಸರದಿ. ನಾಲ್ಕು ಗಂಟೆ ಮಲಗಬೇಕು. ಎದ್ದ ಮೇಲೆ ಬಸ್ಸಿನಲ್ಲಿ ನಿಂತು ಬರುವ ಶಕ್ತಿ ಇರುವುದಿಲ್ಲ. ಹೋಗಿ ಬರಲು ತೊಂಬತ್ತು ಕಿಲೋಮೀಟರು. ಎರಡು ವರ್ಷದಿಂದ ಅವಳನ್ನು ಕರೆದುಕೊಂಡು ಹೋಗುವುದು ಆ ಮೊಳೆಯ ಕೀ. ಓಡಿಸುವವಳು ನನ್ನ ಮೊಮ್ಮಗಳು ತ್ರಿಶಾ.

ಕಾರಿನ ಬಗ್ಗೆ ನನ್ನ ದೂರು ಇಲ್ಲ. ಸದ್ದಿಲ್ಲ, ಹೊಗೆ ಇಲ್ಲ. ದೀಪಾವಳಿಯಿಂದ ಡಿಸೆಂಬರ್ ಮುಗಿಯುವ ತನಕ ಜೀಪಿನ ನೆನಪೇ ಬರಲಿಲ್ಲ. ಮನೆಯ ಗೋಡೆಗೆ ಹಾಕುವ ದೊಡ್ಡ ಚಾರ್ಜಿನ ಪೆಟ್ಟಿಗೆಯನ್ನು ಕಂಪನಿಯವರು ಕೊಟ್ಟಿದ್ದಾರೆ. ಅದಕ್ಕೆ ಹೆಚ್ಚುವರಿ ಕರೆಂಟು ಮಂಜೂರಾಗಬೇಕು, ಅರ್ಜಿ ಕೊಟ್ಟಿದ್ದೇವೆ, ಅಷ್ಟರ ತನಕ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಸಿಕ್ಕಿಸುತ್ತೇವೆ ಎಂದು ಹೇಳಿಕೊಂಡು ದಿನ ಹೋಯಿತು. ಜನವರಿಯಲ್ಲಿ ಹೊಳೆ ಬತ್ತಿತು, ಊರಿನ ಪಂಪುಗಳು ಶುರುವಾದವು.

ನಮ್ಮ ಟ್ರಾನ್ಸ್‌ಫಾರ್ಮರ್ ಸಣ್ಣದು. ನೀರಿನ ಪಂಪುಗಳಿಗೆ ಮೂರು ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಯಾವಾಗ ಬಂದರೂ ಎಲ್ಲರ ಪಂಪೂ ತನ್ನಿಂದ ತಾನೇ ಶುರುವಾಗುವ ಹಾಗೆ ಸ್ವಿಚ್ಚು ಇಟ್ಟಿರುತ್ತಾರೆ. ಹನ್ನೆರಡು ಪಂಪು ಒಟ್ಟಿಗೆ ಎದ್ದರೆ ಮನೆಯ ಬಲ್ಬು ಕೆಂಪಾಗುತ್ತದೆ. ಕಾರಿನ ಚಾರ್ಜಿನ ದೀಪವೂ ಕೆಂಪಾಗುತ್ತದೆ ಮತ್ತು ಕಾರು ಉಣ್ಣುವುದನ್ನು ನಿಲ್ಲಿಸುತ್ತದೆ. ಸಂಜೆ ಎಲ್ಲ ಮನೆಯ ದೀಪ, ಮಿಕ್ಸಿ, ಟಿವಿ. ರಾತ್ರಿ ಹನ್ನೊಂದು ಕಳೆದ ಮೇಲೆ ಸ್ವಲ್ಪ ಜೀವ ಬರುತ್ತದೆ. ನಾವು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ನಮ್ಮ ಮನೆತನದಲ್ಲಿ ರಾತ್ರಿ ಉಣ್ಣಲು ಕಲಿತ ಮೊದಲ ಸದಸ್ಯ ನಿಮ್ಮ ಕಾರು. ಅದನ್ನೂ ಸಹಿಸಿಕೊಂಡೆ. ಆದರೆ ಮೂರು ಫೇಸ್ ಹಗಲು ಬರುವ ವಾರದಲ್ಲಿ ಆ ಊಟ ಮಂಗಳೂರಿಗೆ ಸಾಲುವುದಿಲ್ಲ, ರಾತ್ರಿ ಬರುವ ವಾರದಲ್ಲಿ ಅದೂ ಇಲ್ಲ.

ಹನ್ನೆರಡನೆಯ ಪಂಪು ಯಾರದು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನಮ್ಮದು. ಫೆಬ್ರವರಿಯ ಆ ಮಂಗಳವಾರದ ಹಿಂದಿನ ರಾತ್ರಿ ಕಾರನ್ನು ಪ್ಲಗ್ಗಿಗೆ ಸಿಕ್ಕಿಸಿದ್ದು ನನ್ನ ಮಗ ಸನತ್‌ಕುಮಾರ. ಪಂಪಿನ ಸ್ವಿಚ್ಚನ್ನು ಹಾಗೆಯೇ ಬಿಟ್ಟು ಮಲಗಿದ್ದೂ ಅವನೇ. ನಮ್ಮ ಗದ್ದೆಗೆ ನೀರು ಹೋಯಿತು, ನಮ್ಮ ಕಾರಿಗೆ ಕರೆಂಟು ಹೋಗಲಿಲ್ಲ. ಅಪರಾಧ ನಮ್ಮದೂ ಉಂಟು ಎಂದು ಬರೆದುಕೊಡುತ್ತೇನೆ. ನಿಮ್ಮ ಇಲಾಖೆಯಿಂದಲೂ ಇಂಥ ಒಂದು ಸಾಲು ಬಂದರೆ ಸಂತೋಷ.

ಬೆಳಿಗ್ಗೆ ಆರೂವರೆಗೆ ಝೈನಬ್ ಚೀಲ ಹಿಡಿದುಕೊಂಡು ಬಂದು ಚಾವಡಿಯಲ್ಲಿ ಕುಳಿತಳು. ತ್ರಿಶಾ ಕಾರಿನಿಂದ ಇಳಿದು ಬಂದು ನನ್ನ ಹತ್ತಿರ ಮೆಲ್ಲಗೆ ಹೇಳಿದಳು, “ಅಜ್ಜಿ, ಹದಿನೇಳು ಪರ್ಸೆಂಟ್ ಉಂಟು. ಮೂವತ್ತು ಕಿಲೋಮೀಟರ್ ಹೋದರೆ ಹೆಚ್ಚು.”

“ಮಂಗಳೂರಿಗೆ ಎಷ್ಟು?”

“ನಲವತ್ತೈದು.”

ಶಾಫಿ ಕಾರಿನ ಸುತ್ತ ಒಂದು ಸುತ್ತು ಬಂದ. “ಅಮ್ಮ, ಜೀಪಿಗೆ ಡೀಸೆಲ್ ಮುಗಿದರೆ ಒಂದು ಕ್ಯಾನ್ ತಂದು ಹೊಯ್ಯಬಹುದಿತ್ತು. ಇದಕ್ಕೆ ಎಂಥ ಹೊಯ್ಯುವುದು?”

ನಿಮ್ಮ ಹತ್ತಿರ ಉತ್ತರ ಇದ್ದರೆ ತಿಳಿಸಿ, ಶಾಫಿ ಇನ್ನೂ ಕಾಯುತ್ತಿದ್ದಾನೆ.

ದಾರಿಯಲ್ಲಿ ಚಾರ್ಜು ಮಾಡಬಹುದಿತ್ತಲ್ಲ ಎಂದು ನೀವು ಹೇಳಬಹುದು. ಪಂಚಾಯತಿನ ಎದುರು ನಿಮ್ಮದೇ ಚಾರ್ಜಿಂಗ್ ಕೇಂದ್ರ ಉಂಟು. ರಿಬ್ಬನ್ ಕತ್ತರಿಸಿ ಆಗಿದೆ. ಅದು ನಮ್ಮದೇ ಟ್ರಾನ್ಸ್‌ಫಾರ್ಮರಿನದು, ಆದ್ದರಿಂದ ಅದರ ದೀಪವೂ ಕೆಂಪು. ಮೂಡುಬಿದಿರೆಯದ್ದಕ್ಕೆ ಹೋದರೆ, ಎದುರು ಎರಡು ಟ್ಯಾಕ್ಸಿ ಇದ್ದರೆ ಎಂಟು ಗಂಟೆಯ ಸರದಿ ಹನ್ನೊಂದಕ್ಕೆ ಹೋಗುತ್ತದೆ. ಮಂಗಳೂರು ತಲುಪಿದ ದಿನಗಳಲ್ಲಿ ತ್ರಿಶಾ ಅಲ್ಲಿಯೇ ಚಾರ್ಜು ಮಾಡಿಕೊಂಡು ಬರುತ್ತಾಳೆ, ಕೀ ತೆಗೆದುಕೊಂಡು ಹೋಗುವ ಊರಿನವರ ಓಡಾಟಕ್ಕೆ ಅದು ಮೂರು ದಿನದಲ್ಲಿ ಮುಗಿಯುತ್ತದೆ. ಮತ್ತೆ ಅಲ್ಲಿ ಚಾರ್ಜು ಮಾಡಬೇಕಾದರೆ ಮೊದಲು ಮಂಗಳೂರು ತಲುಪಬೇಕಲ್ಲ.

ಕೊನೆಗೆ ಶಾಫಿ ತನ್ನ ತಂಗಿಯ ಮಗ ನಿಝಾಮ್‌ನಿಗೆ ಫೋನು ಮಾಡಿದ. ನಿಝಾಮ್ ಮೀನಿನ ವ್ಯಾಪಾರದವನು. ಅವನ ಹದಿನೇಳು ವರ್ಷದ ಡೀಸೆಲ್ ಟೆಂಪೊ ನಮ್ಮ ಅಂಗಳಕ್ಕೆ ಬಂದು ನಿಂತಿತು. ನಮ್ಮ ಅಂಗಳಕ್ಕೆ ಮೀನಿನ ಗಾಡಿ ಬಂದದ್ದು ಅದೇ ಮೊದಲು. ನಿಝಾಮ್ ಇಳಿದು, “ಅಮ್ಮ, ತೊಳೆದು ತಂದಿದ್ದೇನೆ, ಆದರೂ ವಾಸನೆ ಉಂಟು,” ಎಂದ. ಎದುರಿನ ಸೀಟಿನಲ್ಲಿ ಝೈನಬ್‌ಳನ್ನು ಕೂರಿಸಿದೆವು. ಅವಳ ಜೊತೆಗೆ ಒಬ್ಬರು ಹೋಗಬೇಕು. ಕರೆದುಕೊಂಡು ಹೋಗುತ್ತೇವೆಂಬ ಮಾತು ನನ್ನ ಮನೆಯದು, ಆದ್ದರಿಂದ ನಾನು ಹತ್ತಿದೆ. ನಿಮ್ಮ ನೀತಿಯ ಪುಸ್ತಕದ ಆರನೆಯ ಪುಟದಲ್ಲಿ ರಸ್ತೆಯಿಂದ ತೆಗೆಯಬೇಕಾದ ಗಾಡಿಗಳ ಒಂದು ಚಿತ್ರ ಉಂಟು. ನೋಡಲು ನಿಝಾಮ್‌ನ ಟೆಂಪೊದಂತೆಯೇ ಇದೆ. ತಾಲೂಕಿನ ಮೊದಲ ಮಹಿಳಾ ಫಲಾನುಭವಿ ಅದರಲ್ಲಿ ಕುಳಿತು ಮಂಗಳೂರಿಗೆ ಹೋದಳು. ಆ ದಿನ ಫೋಟೋ ತೆಗೆಯಲು ಯಾರೂ ಇರಲಿಲ್ಲ.

ತಲುಪುವಾಗ ಒಂದೂವರೆ ಗಂಟೆ ತಡವಾಗಿತ್ತು. ಯಂತ್ರಕ್ಕೆ ಮುಂದಿನವರು ಕಾಯುತ್ತಿದ್ದರು. ನಾಲ್ಕು ಗಂಟೆಯ ಕೆಲಸ ಎರಡು ಗಂಟೆಯಲ್ಲಿ ನಿಂತಿತು. ಮೈಯಲ್ಲಿ ಉಳಿದ ನೀರು ಎದೆಗೇರಿ ಝೈನಬ್‌ಳಿಗೆ ಶುಕ್ರವಾರದ ತನಕ ಮಲಗಲು ಆಗಲಿಲ್ಲ, ಗೋಡೆಗೆ ಒರಗಿ ಕುಳಿತೇ ಇದ್ದಳು.

ಮರುದಿನ ನಾನು ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಸಣ್ಣ ಪ್ರಾಯದವರು, ಕುರ್ಚಿ ಕೊಟ್ಟರು. “ಅಮ್ಮ, ನಿಮ್ಮ ಅರ್ಜಿ ಸರಿ ಉಂಟು. ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇಲ್ಲ,” ಎಂದರು.

“ದೊಡ್ಡದು ಹಾಕಿ.”

“ಅದಕ್ಕೆ ಅಂದಾಜು ಪಟ್ಟಿ ಆಗ್ಬೇಕು.”

“ಮಾಡಿ.”

“ಮಾಡಿ ಮೇಲೆ ಕಳಿಸಿ ಎರಡು ವರ್ಷ ಆಯ್ತು ಅಮ್ಮ. ನೀತಿ ಮಾಡಿದವರು ನಮ್ಮನ್ನು ಕೇಳಿ ಮಾಡಿದ್ದಲ್ಲ. ಕಾರು ಬಂದ ಮೇಲೆ ನಮಗೆ ಗೊತ್ತಾಗ್ತದೆ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಮ್ಮನ್ನು ಕೇಳುತ್ತೇನೆ. ಕಂಪನಿಗೆ ಕಾರ್ಖಾನೆ ಬದಲಿಸಲು ಸಹಾಯ ಕೊಟ್ಟಿರಿ. ನನಗೆ ಜೀಪು ಬದಲಿಸಲು ಸಹಾಯ ಕೊಟ್ಟಿರಿ. ಈ ಎರಡರ ನಡುವೆ ಒಂದು ಕಂಬ, ಅದರ ಮೇಲೆ ಒಂದು ಪೆಟ್ಟಿಗೆ ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲವೇ? ನಾನು ಕಲಿತದ್ದು ಹೈಸ್ಕೂಲು. ಕರೆಂಟು ತಂತಿಯಲ್ಲಿ ಬರುತ್ತದೆ ಎಂಬುದು ಆಗಲೇ ಪಾಠದಲ್ಲಿ ಇತ್ತು. ಅದಕ್ಕಿಂತ ಮೇಲಿನ ತರಗತಿಗಳಲ್ಲಿ ಅದನ್ನು ತೆಗೆದಿದ್ದಾರೋ ಗೊತ್ತಿಲ್ಲ.

ಮುಂದಿನ ಸೋಮವಾರದ ಮೊದಲು ನಾನು ಆ ಹನ್ನೊಂದು ಮನೆಗೆ ಹೋದೆ. ನಮ್ಮ ಮನೆಯಿಂದ ಬೇರೆಯವರ ಮನೆಗೆ ಕೇಳಲು ಹೋದ ಕ್ರಮ ಇಲ್ಲ, ಬಂದವರಿಗೆ ಕೊಟ್ಟ ಕ್ರಮ ಉಂಟು. ಮೊದಲ ಮನೆ ಪರಮೇಶ್ವರನದು. ಅವನು ತೊಂಡೆಕಾಯಿ ಚಪ್ಪರದ ಕೆಳಗಿನಿಂದ ತಲೆ ಹೊರಗೆ ಹಾಕಿ, “ಎಂಥ ಅಮ್ಮ, ನೀವು ಗೇಟು ದಾಟಿ ಬಂದದ್ದು? ಕಾರಿಗೆ ಓಟು ಕೇಳ್ಲಿಕ್ಕಾ?” ಎಂದ.

“ಓಟು ಬೇಡ. ಸೋಮವಾರ ಮತ್ತು ಗುರುವಾರ ನಿನ್ನ ಪಂಪು ನಿಲ್ಲಿಸಬೇಕು. ಝೈನಬ್‌ಳಿಗೆ ಹೋಗಲಿಕ್ಕೆ ಉಂಟು.”

ಅವನು ಚಪ್ಪರ ನೋಡಿದ, ನನ್ನನ್ನು ನೋಡಿದ. “ಹೋದ ವರ್ಷ ನನ್ನ ಅಪ್ಪನನ್ನು ಆ ಜೀಪಿನಲ್ಲೇ ಅಲ್ವಾ ಆಸ್ಪತ್ರೆಗೆ ಕೊಂಡುಹೋದದ್ದು. ನಿಲ್ಲಿಸುವ,” ಎಂದ. “ತೊಂಡೆ ಮಾತ್ರ ನಿಮ್ಮನ್ನು ಬೈಯ್ತದೆ,” ಎಂದೂ ಸೇರಿಸಿದ.

ಹನ್ನೊಂದು ಮನೆಯಲ್ಲಿಯೂ ಇದೇ ಉತ್ತರ, ಬೈಗುಳ ಮಾತ್ರ ಬೇರೆ ಬೇರೆ. ಅಂದಿನಿಂದ ವಾರಕ್ಕೆ ಎರಡು ದಿನ ನಮ್ಮ ಕಡೆ ಒಂದು ಪಂಪೂ ಓಡುವುದಿಲ್ಲ. ಏಳು ದಿನದ ನೀರಿನಲ್ಲಿ ಎರಡು ದಿನದ್ದು ಕಾರಿಗೆ. ನಿಮ್ಮ ನೀತಿಯನ್ನು ಈ ಭಾಗದಲ್ಲಿ ಅನುಷ್ಠಾನ ಮಾಡುತ್ತಿರುವವರು ಇವರು. ವರದಿಯಲ್ಲಿ ಸೇರಿಸಿಕೊಳ್ಳಲು ಅವರ ಅಭ್ಯಂತರವಿಲ್ಲ.

ಈಗ ಏಪ್ರಿಲ್. ಪರಮೇಶ್ವರನ ಚಪ್ಪರದ ಒಂದು ಬದಿ ಒಣಗಿದೆ. ಯಾರೂ ನನ್ನ ಹತ್ತಿರ ಏನೂ ಹೇಳಿಲ್ಲ. ಆದರೆ ಝೈನಬ್‌ಳಿಗೆ ಕಣ್ಣು ಉಂಟು. ಕಳೆದ ಶುಕ್ರವಾರ ಅವಳು ಬರಲಿಲ್ಲ. ಆರೂವರೆ ಆಯಿತು, ಏಳಾಯಿತು. ನಾನೇ ಹೋದೆ. ಶಾಫಿ ಬಾಗಿಲಲ್ಲಿ ನಿಂತು, “ಅವಳು ಫರಂಗಿಪೇಟೆಗೆ ತಂಗಿಯ ಮನೆಗೆ ಹೋಗಿದ್ದಾಳೆ ಅಮ್ಮ,” ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ನೆಲ ನೋಡಿಕೊಂಡು ಹೇಳಿದ. ಝೈನಬ್‌ಳ ಚಪ್ಪಲಿ ಮೆಟ್ಟಿಲಲ್ಲಿಯೇ ಇತ್ತು.

ನಾನು ಆ ಮೆಟ್ಟಿಲಲ್ಲಿ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಅವಳ ಸ್ವರ ಬಂತು. “ಅಮ್ಮ, ನೀವು ಹೋಗಿ. ನನ್ನ ಒಂದು ಜೀವಕ್ಕೆ ಅಷ್ಟು ಮನೆಯ ನೀರು ನಿಲ್ಲಿಸುವುದು ಬೇಡ. ನನಗೆ ನಾಚಿಕೆ ಆಗ್ತದೆ.”

“ನಾಚಿಕೆಪಡಬೇಕಾದವರು ಬೇರೆ ಇದ್ದಾರೆ. ನೀನು ಚೀಲ ತೆಗೆದುಕೊಂಡು ಬಾ.”

“ಇಲ್ಲ.”

“ಹಾಗಾದರೆ ನನಗೆ ಇಲ್ಲಿಗೇ ಒಂದು ಲೋಟ ನೀರು ತಾ. ಸೂರ್ಯ ಮುಳುಗುವ ತನಕ ನಾನು ಇಲ್ಲಿಯೇ.”

ನೀರು ತಂದಳು. ಪಾದ ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಬರಿಗಾಲಲ್ಲಿ ಬಂದು ಕಾರಿನಲ್ಲಿ ಕುಳಿತಳು. ಅವಳು ಈ ವಾರ ಬಂದಾಳು. ಮುಂದಿನ ವಾರದ ಬಗ್ಗೆ ನನಗೆ ಧೈರ್ಯ ಇಲ್ಲ. ಪ್ರತಿ ಸಲವೂ ಮೆಟ್ಟಿಲಲ್ಲಿ ಕುಳಿತು ಒಬ್ಬಳನ್ನು ಬದುಕಿಸಲು ಆಗುತ್ತದೆಯೇ?

ಇನ್ನು ನೀವು ಏನು ಮಾಡಬಹುದು ಎಂಬುದೂ ನನಗೆ ಗೊತ್ತು. ಏನೂ ಮಾಡದೆ ಜೂನ್ ತನಕ ಕಾಯಬಹುದು. ಮಳೆ ಬರುತ್ತದೆ, ಪಂಪುಗಳು ನಿಲ್ಲುತ್ತವೆ, ಕಾರು ಚಾರ್ಜಾಗುತ್ತದೆ, ‘ಸಮಸ್ಯೆ ಪರಿಹಾರವಾಗಿದೆ’ ಎಂದು ಫೈಲು ಮುಚ್ಚಬಹುದು. ಆದ್ದರಿಂದ ನನ್ನ ಬೇಡಿಕೆಗೆ ದಿನ ಇಡುತ್ತೇನೆ. ಈ ಪತ್ರ ಅಚ್ಚಾದ ದಿನದಿಂದ ಹದಿನೈದು ದಿನದ ಒಳಗೆ ನಮ್ಮ ಕಂಬಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬರಬೇಕು. ಅಂದಾಜು ಪಟ್ಟಿ ವಿದ್ಯುತ್ ಕಚೇರಿಯ ಮೇಲಿನವರ ಮೇಜಿನಲ್ಲಿ ಉಂಟು, ಹುಡುಕಿದರೆ ಸಿಗುತ್ತದೆ.

ಬಾರದಿದ್ದರೆ ಹದಿನಾರನೆಯ ದಿನ ಕಾರಿನ ಕೀಯನ್ನು ಮೊಳೆಯಿಂದ ತೆಗೆದು ರಿಜಿಸ್ಟರ್ಡ್ ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳಿಸುತ್ತೇನೆ. ಸ್ವೀಕೃತವಾಗಿದೆ ಎಂದು ನೀವು ಬರೆಯುತ್ತೀರಿ, ಅದರಲ್ಲಿ ನನಗೆ ನಂಬಿಕೆ ಉಂಟು. ಆ ಮೇಲೆ ಮಂಗಳವಾರ ಮತ್ತು ಶುಕ್ರವಾರ ನಿಮ್ಮವು. ಶಾಫಿಯ ಮನೆ ಪಂಚಾಯತಿನ ಹಿಂದೆ, ನೀಲಿ ಗೇಟು. ಆರೂವರೆಗಿಂತ ಮೊದಲು ಬನ್ನಿ. ಅವಳು ಮನೆಯಲ್ಲಿಲ್ಲ ಎಂದು ಶಾಫಿ ಹೇಳಿದರೆ ಚಪ್ಪಲಿ ನೋಡಿ.

ಮೊಳೆಯನ್ನು ಖಾಲಿ ಬಿಡುವ ಕ್ರಮ ನಮ್ಮಲ್ಲಿ ಇಲ್ಲ. ಅದಕ್ಕೆ ನೀವು ಕೊಟ್ಟ ರಟ್ಟಿನ ಕೀಯನ್ನು ತೂಗುಹಾಕುತ್ತೇನೆ. ಕೇಳಿದವರಿಗೆ ಯಾರು ಕೊಟ್ಟದ್ದೆಂದು ಹೇಳುತ್ತೇನೆ.

ಇಂತಿ,
ಗಾಡಿ ಇಲ್ಲ ಎಂದು ಒಮ್ಮೆ ಹೇಳಿದವಳು, ಎರಡನೆಯ ಸಲ ಹೇಳಲು ಮನಸ್ಸಿಲ್ಲದವಳು,
ಪದ್ಮಲತಾ
ತಾಲೂಕಿನ ಮೊದಲ ಮಹಿಳಾ ಫಲಾನುಭವಿ
ಬೆಳುವಾಯಿ